ಬಳಚಿನ ಲೆಕ್ಕ, ಬಾತಿನ ಲೆಕ್ಕ

ಮಕ್ಕಳನ್ನು ಕಾಲೇಜಿಗೆ ಹಾಕಿದ ರೈತರ ಮನೆಗಳಲ್ಲಿ ಈಗ ಒಂದು ಮಾತು ಮೇಲಿಂದ ಮೇಲೆ ಕೇಳುತ್ತದೆ: ಇಂಟರ್ನ್‌ಶಿಪ್. 'ಅಪ್ಪಾ, ಎರಡು ತಿಂಗಳ ಇಂಟರ್ನ್‌ಶಿಪ್ ಐತಿ, ರೊಕ್ಕ ಬೇಕು' ಅಂತ ಮಗಳು ಬಂದು ನಿಂತರೆ ಏನು ಕೇಳಬೇಕು ಅನ್ನುವುದೇ ನಮಗೆ ತಿಳಿಯುವುದಿಲ್ಲ. ನನಗೂ ತಿಳಿದಿರಲಿಲ್ಲ. ಒಂದು ಸಲ ರೊಕ್ಕ ಕಳೆದುಕೊಂಡೆ. ಇನ್ನೊಂದು ಸಲ ಮಗಳು ಸಮುದ್ರದ ದಂಡೆಯಲ್ಲಿ ಕಲಿತು ಬಂದದ್ದು ನನ್ನ ಕಡ್ಲಿ ಹೊಲಕ್ಕೆ ಉಪಯೋಗ ಬಿತ್ತು. ಎರಡನ್ನೂ ಬರೆಯುತ್ತೇನೆ. ನಾನು ಓದಿದ್ದು ಏಳನೇ ಇಯತ್ತೆ, ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಮ್ಮೂರು ಶಿರಹಟ್ಟಿ ತಾಲೂಕಿನ ಮಾಗಡಿ. ನಾಲ್ಕು ಎಕರೆ ಒಣಬೇಸಾಯ. ಮುಂಗಾರಿಗೆ ಶೇಂಗಾ, ಹೆಸರು. ಹಿಂಗಾರಿಗೆ ಕಡ್ಲಿ, ಬಿಳಿಜೋಳ. ಅದರಲ್ಲಿ ಒಂದೂವರೆ ಎಕರೆ ಕೆರೆಯ ಮಗ್ಗಲಿಗೆ ಇದೆ. ನಮ್ಮ ಕೆರೆ ಸುಮಾರು 134 ಎಕರೆ. ನೀರಾವರಿಗೆ ಅಂತ ಹಿಂದಿನವರು ಕಟ್ಟಿದ್ದು. ಈಗ ಹೆಸರು ಬಂದಿರುವುದು ಹಕ್ಕಿಗಳಿಂದ. ತಲೆಯ ಮೇಲೆ ಎರಡು ಕರಿ ಪಟ್ಟೆ ಇರುವ ಹೆಬ್ಬಾತು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ನವೆಂಬರ್ ಹೊತ್ತಿಗೆ ಬರುತ್ತದೆ, ಬಿಸಿಲು ಏರುವ ಮೊದಲು ಹೋಗುತ್ತದೆ. ಕೊಕ್ಕರೆ, ನೀರುಕಾಗೆಗಳ ಹಾಗೆ ಇದು ಮೀನು ತಿಂದು ಬದುಕುವುದಲ್ಲ. ಹುಲ್ಲು, ಎಳೇ ಬೆಳೆ, ಕಾಳು ಇದರ ಆಹಾರ. ಹಗಲು ಕೆರೆಯಲ್ಲಿ ಕೂತು ಸಂಜೆಗೆ ಹೊಲಕ್ಕೆ ಹೋಗುತ್ತದೆ, ಮುಂಜಾನೆ ತಿರುಗಿ ಬರುತ್ತದೆ. ಯಾರ ಹೊಲಕ್ಕೆ ಅಂತ ಬೇರೆ ಹೇಳಬೇಕಿಲ್ಲ.

ಅದಕ್ಕೇ ಈ ಹಕ್ಕಿಗಳ ಮೇಲೆ ನನಗೆ ಮೊದಲಿಂದ ಸಿಟ್ಟು. ಕಾರಿನಲ್ಲಿ ಬಂದವರು ಒಡ್ಡಿನ ಮೇಲೆ ನಿಂತು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಕಡ್ಲಿ ನನ್ನದು.

ಸಮುದ್ರದ ಓದು

ಇಂಥ ಮನೆಯ ಹುಡುಗಿ ಕಾರವಾರಕ್ಕೆ ಹೋಗಿ ಸಮುದ್ರದ ಜೀವಿಗಳ ಬಗ್ಗೆ ಎಂ.ಎಸ್ಸಿ. ಓದುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಬ್ಯಾಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ನಾಡಿನವರು ನಾವು. ಕಾರವಾರದ ಕೋಡಿಬಾಗದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮೀನುಗಾರಿಕೆ ಓದಬೇಕು ಅನ್ನುವವರಿಗೆ ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಇದೆ. ನಮ್ಮ ಕಡೆಯ ಮಕ್ಕಳಿಗೆ ಯಾರೂ ಇದನ್ನು ಹೇಳುವುದಿಲ್ಲ. ನಮ್ಮವರಿಗೆ ಗೊತ್ತಿರುವುದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಡೇ ವರ್ಷದ ಹುಡುಗರು ಹಳ್ಳಿಗೆ ಬಂದು ಉಳಿದು ಬೇಸಾಯ ಕಲಿಯುವುದು ಮಾತ್ರ. ಇಂಟರ್ನ್‌ಶಿಪ್ ಅಂದರೆ ಅದೇ ಜಾತಿಯದು: ಪುಸ್ತಕ ಬಿಟ್ಟು ಕೆಲಸದ ಜಾಗದಲ್ಲಿ ಕಲಿಯುವುದು.

ಮೊದಲನೇ ಸಲ ಮೋಸ ಹೋದೆವು. ಒಂದು ಸಂಸ್ಥೆ, ಹೆಸರು ಬ್ಯಾಡ, ಸಮುದ್ರ ಸಂರಕ್ಷಣೆಯ ಇಂಟರ್ನ್‌ಶಿಪ್ ಅಂತ ಆರೂವರೆ ಸಾವಿರ ಕಟ್ಟಿಸಿಕೊಂಡಿತು. ಹತ್ತು ದಿನ ದಂಡೆಯಲ್ಲಿ ಪ್ಲಾಸ್ಟಿಕ್ ಆರಿಸಿದರು, ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡರು, ಪ್ರಮಾಣಪತ್ರ ಕೊಟ್ಟು ಕಳಿಸಿದರು. ಪ್ಲಾಸ್ಟಿಕ್ ಆರಿಸುವುದು ಕೆಟ್ಟ ಕೆಲಸ ಅಲ್ಲ. ಆದರೆ ಅದಕ್ಕೆ ನಾವು ಒಂದು ಚೀಲ ಶೇಂಗಾ ಮಾರಿ ರೊಕ್ಕ ಕಟ್ಟಬೇಕಿತ್ತೇ? ಆ ದಂಡೆಯ ಒಬ್ಬ ಮೀನುಗಾರನ ಹೆಸರೂ ಮಗಳಿಗೆ ಗೊತ್ತಿರಲಿಲ್ಲ.

ಎರಡನೇ ಸಲ ಅವಳ ಗುರುಗಳೇ ಹೇಳಿ ಕಳಿಸಿದ ಕೆಲಸ. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗ. 2024ರ ಫೆಬ್ರವರಿಯಿಂದ ಎರಡು ತಿಂಗಳು. ಫೀ ಇಲ್ಲ, ಉಳಿಯುವುದು ಒಬ್ಬರ ಮನೆಯಲ್ಲಿ, ಊಟಕ್ಕೆ ತಿಂಗಳಿಗೆ ಇಷ್ಟು ಅಂತ ಮನೆಯವರಿಗೇ ಕೊಡುವುದು. ಕೆಲಸ ಬಳಚಿನ ಲೆಕ್ಕ ಬರೆಯುವುದು.

ಅಮಾಸಿ ದಿನ ನಾನು ಕಂಡದ್ದು

ಆ ವರ್ಷ ಶಿವರಾತ್ರಿ ಮಾರ್ಚ್ 8ಕ್ಕೆ ಬಿತ್ತು. ಗೋಕರ್ಣದ ನೆವ ಮಾಡಿಕೊಂಡು ಹುಬ್ಬಳ್ಳಿ, ಅಂಕೋಲೆ ಮೇಲೆ ಬಸ್ಸಿನಲ್ಲಿ ಹೋದೆ. ದೇವರಿಗೆ ಕೈಮುಗಿದು ಎರಡನೇ ದಿನ, ಅಮಾಸಿಗೆ, ಮಗಳಿದ್ದ ಊರಿಗೆ ಹೋದೆ.

ಅಘನಾಶಿನಿ ಶಿರಸಿ ಕಡೆ ಹುಟ್ಟಿ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ನಡುವೆ ದೊಡ್ಡ ಅಣೆಕಟ್ಟು ಇಲ್ಲ. ಸೇರುವ ಮೊದಲು ಬಹಳ ಅಗಲವಾಗಿ ಹರಡಿಕೊಳ್ಳುತ್ತದೆ. ಅಲ್ಲಿ ಸಿಹಿನೀರು ಉಪ್ಪುನೀರು ಕಲೆಯುತ್ತವೆ. ಇದಕ್ಕೆ ಅಳಿವೆ ಅನ್ನುತ್ತಾರೆ. ದಿನಕ್ಕೆ ಎರಡು ಸಲ ಸಮುದ್ರದ ನೀರು ಒಳಗೆ ಏರುತ್ತದೆ, ಎರಡು ಸಲ ಇಳಿಯುತ್ತದೆ. ದಿನಾ ಒಂದೇ ಹೊತ್ತಿಗೆ ಅಲ್ಲ, ಮುಕ್ಕಾಲು ತಾಸಿಗಿಂತ ತುಸು ಹೆಚ್ಚು ಮುಂದಕ್ಕೆ ಹೋಗುತ್ತಾ ಇರುತ್ತದೆ. ಅಮಾಸಿ, ಹುಣ್ಣಿವಿ ಆಸುಪಾಸು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ನಾವು ಮಳೆಯ ನಕ್ಷತ್ರ ನೋಡುವ ಹಾಗೆ ಅವರು ತಿಥಿ ನೋಡಿ ಕೆಲಸಕ್ಕೆ ಹೊರಡುತ್ತಾರೆ.

ಸಂಜೆ ಕಡೆ ನೀರು ಇಳಿದು ಕೆಸರಿನ ಬಯಲು ಕಂಡಿತು. ಎಲ್ಲಿದ್ದರೋ, ಹೆಂಗಸರು ಗಂಡಸರು ಬುಟ್ಟಿ ಹಿಡಿದು ಇಳಿದರು. ಕೆಲವರು ದೋಣಿಯಲ್ಲಿ ಹೋಗಿ ಎದೆಮಟ್ಟ ನೀರಲ್ಲಿ ಮುಳುಗಿ ತೆಗೆಯುತ್ತಿದ್ದರು. ಬಳಚು ಅಂದರೆ ಎರಡು ಚಿಪ್ಪಿನ ನಡುವೆ ಇರುವ ಮೆತ್ತನೆಯ ಜೀವಿ. ಕೆಸರಿನಲ್ಲಿ ಅರ್ಧ ಗೇಣು ಒಳಗೆ ಕೂತು ನೀರು ಹೀರಿ ಸೋಸಿ, ಅದರಲ್ಲಿರುವ ಕಣ್ಣಿಗೆ ಕಾಣದ ಆಹಾರ ತಿಂದು, ತಿಳಿ ನೀರು ಬಿಡುತ್ತದೆ. ಮೇವು ಹಾಕಬೇಕಿಲ್ಲ, ಔಷಧ ಹೊಡೆಯಬೇಕಿಲ್ಲ. ಬುಟ್ಟಿ ಇದ್ದರೆ ಸಾಕು, ತುಂಡು ಭೂಮಿ ಇಲ್ಲದವರಿಗೂ ಅವತ್ತಿನ ಊಟ ಮತ್ತು ಕೂಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಿಂದೆ ಈ ಅಳಿವೆಯಲ್ಲಿ ಲೆಕ್ಕ ಮಾಡಿದಾಗ ವರ್ಷಕ್ಕೆ ಸುಮಾರು 22,000 ಟನ್ ಬಳಚು, ಎರಡು ಸಾವಿರಕ್ಕೂ ಮೇಲೆ ಜನರಿಗೆ ನೇರ ಕೆಲಸ ಅಂತ ಬಂದಿತ್ತು. ಈಗ ಅಷ್ಟು ಸಿಗುವುದಿಲ್ಲ ಅಂತ ನನ್ನ ಜೊತೆ ಮಾತಾಡಿದವರೆಲ್ಲ ಹೇಳಿದರು. ಎಷ್ಟು ಕಡಿಮೆ ಅಂದರೆ ಒಬ್ಬೊಬ್ಬರದು ಒಂದೊಂದು ಮಾತು. ಅದನ್ನು ತಿಳಿಯಲಿಕ್ಕೇ ಮಗಳು ಅಲ್ಲಿ ಕೆಸರು ತುಳಿಯುತ್ತಿದ್ದದ್ದು.

ಅವಳ ಕೈಯಲ್ಲಿದ್ದದ್ದು ಪೈಪಿನಿಂದ ಮಾಡಿದ ಒಂದು ಚೌಕಟ್ಟು, ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ಒಂದು ಜರಡಿ, ಒಂದು ಅಳತೆ ಕಡ್ಡಿ, ಒಂದು ನೋಟುಬುಕ್ಕು. ಚೌಕಟ್ಟನ್ನು ಬೆನ್ನ ಹಿಂದಕ್ಕೆ ಎಸೆಯುತ್ತಾಳೆ. ಯಾಕ ಹಂಗ ಅಂದೆ. 'ನೋಡಿ ಇಟ್ಟರ ಕೈ ಬಳಚು ಇದ್ದಲ್ಲೇ ಹೋಗತೈತಪ್ಪಾ, ಲೆಕ್ಕ ಸುಳ್ಳ ಆಗತೈತಿ' ಅಂದಳು. ಬಿದ್ದ ಜಾಗದಲ್ಲಿ ಕೈ ಮಟ್ಟ ಕೆಸರು ತೆಗೆದು ಜರಡಿ ಹಿಡಿಯುವುದು, ಸಿಕ್ಕ ಎಲ್ಲ ಬಳಚನ್ನೂ ಎಣಿಸುವುದು, ಒಂದೊಂದನ್ನೂ ಅಳೆದು ಬರೆಯುವುದು, ತಿರುಗಿ ಅಲ್ಲೇ ಬಿಡುವುದು. ಒಂದು ಸಂಜೆಗೆ ಹತ್ತು ಚೌಕ. ಅಷ್ಟರಲ್ಲಿ ನೀರು ಏರುತ್ತದೆ.

ಇಷ್ಟೇನಾ ಸಮುದ್ರದ ಓದು ಅಂತ ಮೊದಲು ಅನ್ನಿಸಿತು. ನಮ್ಮ ಹೊಲದಲ್ಲಿ ಸಸಿ ಎಣಿಸುವುದಕ್ಕೆ ಎಂ.ಎಸ್ಸಿ. ಬೇಕೇ? ಆದರೆ ನನ್ನ ಹೊಲದಲ್ಲಿ ನಾನು ಐವತ್ತು ವರ್ಷದಲ್ಲಿ ಒಮ್ಮೆಯೂ ಎಣಿಸಿಲ್ಲ ಅನ್ನುವುದು ರಾತ್ರಿ ಮಲಗಿದಾಗ ನೆನಪಾಯಿತು.

ಸಣ್ಣದು ಬಿಟ್ಟರೆ ಯಾರಿಗೆ?

ಅರವತ್ತು ದಾಟಿದ ಒಬ್ಬ ಅಮ್ಮ ಬುಟ್ಟಿ ಇಳಿಸಿ ಕೂತಿದ್ದರು. ಬುಟ್ಟಿಯಲ್ಲಿ ದೊಡ್ಡದರ ಜೊತೆ ಉಗುರಿನಷ್ಟು ಸಣ್ಣವೂ ಇದ್ದವು. ಮಗಳು ನೋಟುಬುಕ್ಕು ತೆರೆದು ಆಚೆ ವಾರ ಎಷ್ಟು, ಈ ವಾರ ಎಷ್ಟು ಅಂತ ಓದಿ ಹೇಳಿದಳು. ಸಣ್ಣವು ಮರಿ ಹಾಕುವ ಮೊದಲೇ ಬುಟ್ಟಿಗೆ ಬಂದರೆ ಮುಂದಿನ ವರ್ಷಕ್ಕೆ ಬೀಜ ಎಲ್ಲಿಂದ ಅಂತ ಕೇಳಿದಳು. ಆ ಅಮ್ಮ ನನ್ನ ಕಡೆ ತಿರುಗಿ, 'ನಿಮ್ಮ ಮಗಳು ಹೇಳೂದು ಸರಿ ತಮಾ. ಆದ್ರೆ ನಾ ಬಿಟ್ಟದ್ದು ನಾಳೆ ಮತ್ತೊಬ್ರು ತಕಂಡು ಹೋಗ್ತ್ರು. ಆಗ ನಂಗೂ ಇಲ್ಲ, ಹೊಳಿಗೂ ಇಲ್ಲ' ಅಂದರು.

ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ನಮ್ಮ ಗಾಯರಾಣದ ಹುಲ್ಲು, ಕೆರೆಯ ಮಣ್ಣು, ಬೋರಿನ ನೀರು, ಎಲ್ಲದಕ್ಕೂ ನಾವು ಹೇಳುವುದು ಇದನ್ನೇ.

ಉತ್ತರ ಇನ್ನೊಂದು ಕಡೆ ಸಿಕ್ಕಿದೆ ಅಂತ ಮಗಳು ಹೇಳಿದಳು. ಕೇರಳದ ಕೊಲ್ಲಂ ಹತ್ತಿರ ಅಷ್ಟಮುಡಿ ಅನ್ನುವ ದೊಡ್ಡ ಹಿನ್ನೀರು ಇದೆ. ಅಲ್ಲೂ ಇದೇ ಜಾತಿ ಬಳಚು. 1990ರ ದಶಕದ ಮೊದಲಿಗೆ ವಿದೇಶಕ್ಕೆ ಕಳಿಸುವ ಭರದಲ್ಲಿ ಬಾಚಿ ಬಾಚಿ ಫಸಲು ಬಿದ್ದುಹೋಯಿತು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಅಳೆದು ನೋಡಿ, ಮರಿ ಹಾಕುವ ಕಾಲ ಇದು, ಇಷ್ಟು ದಿನ ಬಿಡಿ ಅಂತ ತೋರಿಸಿದರು. ಡಿಸೆಂಬರ್‌ನಿಂದ ಫೆಬ್ರವರಿ ತನಕ ತೆಗೆಯುವುದು ಬಂದ್. ಬಲೆಯ ಕಣ್ಣು ಸಣ್ಣವು ಜಾರಿ ಹೋಗುವಷ್ಟು ಅಗಲ ಇರಬೇಕು ಅಂತಾಯಿತು. ತೆಗೆಯುವವರೇ ಕೂತು ಒಪ್ಪಿಕೊಂಡದ್ದರಿಂದ ನಡೆಯಿತು. 2014ರಲ್ಲಿ ಅಲ್ಲಿಯ ಬಳಚಿಗೆ, ಸಮುದ್ರ ಬರಿದು ಮಾಡದೆ ಹಿಡಿದದ್ದು ಅನ್ನುವ ಅಂತರರಾಷ್ಟ್ರೀಯ ಮುದ್ರೆ ಸಿಕ್ಕಿತು, ಭಾರತದಲ್ಲಿ ಮೊದಲನೆಯದು. ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಎಲ್ಲರೂ ಒಟ್ಟಿಗೆ ಬಿಟ್ಟರೆ ಯಾರದೂ ಹೋಗುವುದಿಲ್ಲ. ಆದರೆ ಒಟ್ಟಿಗೆ ಬಿಡಬೇಕಾದರೆ ಎಲ್ಲರೂ ನಂಬುವ ಒಂದು ಲೆಕ್ಕ ಬೇಕು. ಆ ಲೆಕ್ಕ ಹೊರಗಿನವರು ಬರೆದು ಒಯ್ದರೆ ಪ್ರಯೋಜನ ಇಲ್ಲ. ಮಗಳು ಹೊರಡುವ ಮೊದಲು ಎರಡು ತಿಂಗಳ ಲೆಕ್ಕವನ್ನು ದೊಡ್ಡ ಹಾಳೆಗೆ ಬರೆದು ಆ ಕೇರಿಯ ಗೋಡೆಗೆ ಅಂಟಿಸಿ ಬಂದಳು. ಅಳತೆ ಕಡ್ಡಿಯನ್ನೂ ಅಲ್ಲೇ ಒಂಬತ್ತನೇ ತರಗತಿಯ ಒಬ್ಬ ಹುಡುಗಿಗೆ ಕೊಟ್ಟಳು.

ಗಜನಿ ಭೂಮಿಯನ್ನು ಬಿಟ್ಟರೆ ರೈತನಾಗಿ ನನ್ನ ಬರಹ ಅರ್ಧ ಆಗುತ್ತದೆ. ಅಳಿವೆಯ ದಂಡೆಗೆ ಉಪ್ಪುನೀರು ನುಗ್ಗುವ ಗದ್ದೆಗೆ ಗಜನಿ ಅನ್ನುತ್ತಾರೆ. ಮಳೆಗಾಲದಲ್ಲಿ ಮಳೆ ನೀರು ಉಪ್ಪು ತೊಳೆದ ಮೇಲೆ ಕಗ್ಗ ಅನ್ನುವ ಭತ್ತ ಹಾಕುತ್ತಾರೆ. ಎತ್ತರದ ಪೈರು, ಉಪ್ಪಿಗೂ ನೆರೆಗೂ ಜಗ್ಗುವುದಿಲ್ಲ. ಗೊಬ್ಬರ ಇಲ್ಲ, ಔಷಧ ಇಲ್ಲ. ಕೊಯ್ಲಾದ ಮೇಲೆ ಕೂಳೆಯನ್ನು ಗದ್ದೆಯಲ್ಲೇ ಬಿಟ್ಟು, ಕಟ್ಟೆಯ ಹಲಗೆ ಬಾಗಿಲು ತೆಗೆದು ಅಳಿವೆಯ ನೀರು ಬಿಡುತ್ತಾರೆ. ನೀರಿನ ಜೊತೆ ಸಿಗಡಿ, ಮೀನು ಬಂದು ಕೊಳೆತ ಕೂಳೆಯಲ್ಲಿ ಬೆಳೆಯುತ್ತವೆ. ಒಂದೇ ಭೂಮಿ, ಆರು ತಿಂಗಳು ಭತ್ತ, ಆರು ತಿಂಗಳು ಮೀನು. ಸಿಗಡಿಯ ಆಸೆಗೆ ಭತ್ತ ಬಿಟ್ಟ ಗಜನಿಗಳೂ ಬೇಕಾದಷ್ಟು ಕಂಡವು. ಅಳಿವೆಯ ಈ ಎಲ್ಲ ಕಸುಬು ಸೇರಿ ಆರರಿಂದ ಏಳೂವರೆ ಸಾವಿರ ಕುಟುಂಬಗಳ ಬದುಕು ನಡೆಯುತ್ತದೆ ಅಂತ ಸರ್ಕಾರದ್ದೇ ಲೆಕ್ಕ.

ಒಂದೇ ಪಟ್ಟಿಯಲ್ಲಿ ಎರಡು ಊರು

ಊಟಕ್ಕೆ ಕೂತಾಗ ಮಗಳು ಒಂದು ಸುದ್ದಿ ಹೇಳಿದಳು. 2024ರ ಜನವರಿ 31ರಂದು ಕೇಂದ್ರ ಸರ್ಕಾರ ದೇಶದ ಐದು ಜಲಪ್ರದೇಶಗಳನ್ನು ರಾಮ್ಸಾರ್ ಪಟ್ಟಿಗೆ ಸೇರಿಸಿತು. ಇರಾನಿನ ರಾಮ್ಸಾರ್ ಊರಿನಲ್ಲಿ 1971ರಲ್ಲಿ ಆದ ಒಪ್ಪಂದದ ಪಟ್ಟಿ ಅದು. ಐದರಲ್ಲಿ ಮೂರು ಕರ್ನಾಟಕದವು: ಅಂಕಸಮುದ್ರ, ಅಘನಾಶಿನಿ ಅಳಿವೆ, ನಮ್ಮ ಮಾಗಡಿ ಕೆರೆ. ನಮ್ಮ ಕೆರೆಯಲ್ಲಿ 166 ಜಾತಿ ಹಕ್ಕಿ, ಚಳಿಗಾಲಕ್ಕೆ ಸುಮಾರು 8,000 ಹಕ್ಕಿ ಬರುತ್ತವೆ, ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತು ಚಳಿಗಾಲ ಕಳೆಯುವ ದೊಡ್ಡ ಜಾಗಗಳಲ್ಲಿ ಇದೊಂದು ಅಂತ ಆ ಪ್ರಕಟಣೆಯಲ್ಲಿತ್ತು.

'ಅಪ್ಪಾ, ಇಲ್ಲಿ ಬಳಚು ಎಷ್ಟು ಅಂತ ಎಣಿಸಾಕತ್ತೀವಿ. ನಮ್ಮ ಕೆರಿಯಾಗ ಹಕ್ಕಿ ಎಷ್ಟು ಅಂತ ಎಣಿಸ್ಯಾರ. ಹಕ್ಕಿ ನಮ್ಮ ಕಡ್ಲಿ ಎಷ್ಟು ತಿಂತು ಅಂತ ಯಾರ ಎಣಿಸ್ಯಾರ?'

ನಾನು ಎದೆ ತಟ್ಟಿ 'ಎರಡು ಕ್ವಿಂಟಲ್' ಅಂದೆ. ಆ ವರ್ಷವೇ ಪರಿಹಾರ ಕೇಳಿ ಒಂದು ಕಚೇರಿಗೆ ಅರ್ಜಿ ಬರೆದುಕೊಟ್ಟು ಬಂದಿದ್ದೆ. ಅದರಲ್ಲೂ ಎರಡು ಕ್ವಿಂಟಲ್ ಅಂತಲೇ ಬರೆದಿತ್ತು. ಹೆಂಗ ಅಳದಿ ಅಂದಳು. ಸುಮ್ಮನಾದೆ.

ಹೊಲದಲ್ಲಿ ಮಾಡಿದ್ದು

2024ರ ಅಕ್ಟೋಬರದಲ್ಲಿ ಕೆರೆ ಮಗ್ಗಲಿನ ಒಂದೂವರೆ ಎಕರೆಗೆ ಕಡ್ಲಿ ಬಿತ್ತಿದ ಮೇಲೆ ಮಗಳು ರಜೆಗೆ ಬಂದಳು. ಹೊಲವನ್ನು ಮೂರು ಭಾಗ ಅಂದುಕೊಂಡೆವು: ಕೆರೆಯ ಬದಿ, ನಡು, ಮೇಲಿನ ದಿಬ್ಬ. ಒಂದೊಂದು ಭಾಗದಲ್ಲಿ ಎರಡೆರಡು ಜೋಡಿ ಚೌಕ, ಒಂದೊಂದು ಚೌಕ ಒಂದು ಮೀಟರ್. ಗೂಟವನ್ನು ಬೆನ್ನ ಹಿಂದಕ್ಕೆ ಎಸೆದು ಬಿದ್ದಲ್ಲಿ ಗುರುತು ಹಾಕಿದೆವು. ಜೋಡಿಯಲ್ಲಿ ಒಂದು ಚೌಕದ ಸುತ್ತ ಜಾಲಿ ಮುಳ್ಳು, ಇನ್ನೊಂದು ಐದು ಹೆಜ್ಜೆ ಆಚೆ ಬಯಲಿಗೇ, ಮೂಲೆಗೆ ಕಲ್ಲು ಮಾತ್ರ. ನಾನು ಹಳೇ ಬಲೆ ಹೊದಿಸೋಣ ಅಂದೆ. ಹಕ್ಕಿ ಸಿಕ್ಕಿ ಸತ್ತಾವು ಅಂತ ಒಪ್ಪಲಿಲ್ಲ. ಮುಳ್ಳು ಸುತ್ತಲೂ ಇರಬೇಕು, ಮೇಲೆ ಹಾಕಬಾರದು, ನೆರಳಾಗುತ್ತದೆ. ಹೆಬ್ಬಾತು ದೊಡ್ಡ ಹಕ್ಕಿ, ಅಷ್ಟು ಇಕ್ಕಟ್ಟಿನಲ್ಲಿ ಇಳಿಯುವುದಿಲ್ಲ. ಬಾಕಿ ಎಲ್ಲ, ಹರಗುವುದು ಕಳೆ ತೆಗೆಯುವುದು, ಎರಡಕ್ಕೂ ಒಂದೇ.

ಫೆಬ್ರವರಿಯಲ್ಲಿ ಹನ್ನೆರಡು ಚೌಕವನ್ನೂ ಬೇರೆ ಬೇರೆ ಕಿತ್ತು ಬಡಿದು, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆ. ಸರಾಸರಿ ಹೀಗೆ ಬಂತು. ಕೆರೆಯ ಬದಿ ಮುಳ್ಳಿನ ಒಳಗೆ 96 ಗ್ರಾಂ, ಬಯಲಿನದು 58. ನಡುವೆ 90 ಮತ್ತು 86. ಮೇಲಿನ ದಿಬ್ಬದಲ್ಲಿ ಮುಳ್ಳಿನ ಒಳಗೆ 61, ಬಯಲಿಗೆ 63.

ಕೆರೆಯ ಬದಿ ಬಾತು ತಿಂದದ್ದು ಖರೆ. ನಡುವೆ ನಾಲ್ಕು ಗ್ರಾಮಿನ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟಲ್ಲ. ನನ್ನ ಬಾಯಿ ಕಟ್ಟಿದ್ದು ಮೇಲಿನ ದಿಬ್ಬ. ವರ್ಷಾ ವರ್ಷ ಅಲ್ಲಿ ಕಡ್ಲಿ ತೇಪೆ ತೇಪೆ ಬೋಳಾಗುತ್ತಿತ್ತು, ನಾನು ಬಾತಿಗೆ ಬೈಯುತ್ತಿದ್ದೆ. ಈಗ ಮುಳ್ಳಿನ ಒಳಗೂ ಗಿಡ ಒಣಗಿ ಸತ್ತಿದ್ದವು. ಕಿತ್ತು ನೆಟ್ಟಗೆ ಸೀಳಿದರೆ ಒಳಗೆ ಕರಿ ಗೆರೆ. ಅದು ಸಿಡಿ ರೋಗ. ಮನೆಯ ಬೀಜವನ್ನೇ, ಅದೇ ತುಣುಕಿಗೇ, ಕಡ್ಲಿ ಮೇಲೆ ಕಡ್ಲಿ ಹಾಕಿದ್ದರ ಫಲ. ಈಗ ಆ ದಿಬ್ಬಕ್ಕೆ ಜೋಳ ಹಾಕಿದ್ದೇನೆ. ಕಡ್ಲಿ ಹಾಕುವಲ್ಲಿ ಬೀಜಕ್ಕೆ ಕಿಲೋಕ್ಕೆ ನಾಲ್ಕು ಗ್ರಾಂ ಟ್ರೈಕೋಡರ್ಮಾ ಹಚ್ಚುತ್ತೇನೆ.

ಕೆರೆಯ ಬದಿಯ ಪಟ್ಟಿ ಅಂದಾಜು ಹತ್ತು ಗುಂಟೆ. ಒಂದು ಗುಂಟೆಗೆ ನೂರು ಚದರ ಮೀಟರ್ ಅಂತ ಹಿಡಿದರೆ ಸಾವಿರ ಮೀಟರ್. ಮೀಟರಿಗೆ 38 ಗ್ರಾಂ ಹೋದರೆ 38 ಕಿಲೋ. ನಾನು ಅರ್ಜಿಯಲ್ಲಿ ಬರೆದದ್ದು 200. ಎರಡು ಜೋಡಿ ಚೌಕ ಬಹಳ ಕಡಿಮೆ, ಭಾಗಕ್ಕೆ ಐದಾರಾದರೂ ಬೇಕಿತ್ತು ಅಂತ ಮಗಳು ಈಗಲೂ ಹೇಳುತ್ತಾಳೆ. ಹೌದು. ಆದರೂ 38ನ್ನು ಎಷ್ಟು ಎಳೆದರೂ 200 ಆಗುವುದಿಲ್ಲ.

ಶೇಂಗಾ ಕಿತ್ತ ಹೊಲದಲ್ಲಿ ಬಾತು ಇಳಿದರೆ ನಷ್ಟ ಇಲ್ಲ, ಉದುರಿದ ಕಾಯಿ ಆರಿಸುತ್ತದೆ, ಹಿಕ್ಕೆ ಬಿಟ್ಟು ಹೋಗುತ್ತದೆ. ಅಲ್ಲೂ ಕಲ್ಲು ಬೀಸುತ್ತಿದ್ದೆ. ಈಗ ಬಿಟ್ಟಿದ್ದೇನೆ.

ಮಕ್ಕಳನ್ನು ಕಳಿಸುವವರಿಗೆ ಒಂದು ಮಾತು. ರೊಕ್ಕ ಎಷ್ಟು ಅನ್ನುವ ಮೊದಲು, ಅಲ್ಲಿ ಏನು ಅಳೆಯುತ್ತೀ ಅಂತ ಕೇಳಿ. ಯಾರ ಮನೆಯಲ್ಲಿ ಉಣ್ಣುತ್ತೀ, ಬರುವಾಗ ಆ ಊರಿನವರ ಕೈಗೆ ಏನು ಕೊಟ್ಟು ಬರುತ್ತೀ ಅಂತಲೂ ಕೇಳಿ. ಉತ್ತರ ಬರೀ ಪ್ರಮಾಣಪತ್ರ ಅಂತಾದರೆ ಚೀಲ ಮಾರುವುದು ಬ್ಯಾಡ. ನಿಮ್ಮ ಊರಿಗೇ ವಿದ್ಯಾರ್ಥಿಗಳು ನೋಟುಬುಕ್ಕು ಹಿಡಿದು ಬಂದರೆ ಚಹಾ ಕೊಟ್ಟು ಕಳಿಸಿಬಿಡಬೇಡಿ. ಬರೆದದ್ದರ ಒಂದು ಪ್ರತಿ ಗೋಡೆಗೆ ಹಚ್ಚಿ ಹೋಗ್ರಿ ಅನ್ನಿ.

ಅರ್ಜಿಯ ಸುದ್ದಿ ಉಳಿಯಿತು. ಆ ತೂಕದ ಚೀಟಿ ಹಚ್ಚಿ ಹೊಸ ಅರ್ಜಿ ಬರೆದೆ: ನಷ್ಟ 38 ಕಿಲೋ. ಊರ ಕಟ್ಟೆಯಲ್ಲಿ ನಕ್ಕರು. ಎರಡು ಕ್ವಿಂಟಲ್ ಅಂದವನಿಗೇ ಏನೂ ಬಂದಿಲ್ಲ, ಮೂವತ್ತೆಂಟು ಕಿಲೋಕ್ಕೆ ಯಾರು ಕೊಡುತ್ತಾರೆ ಅಂದರು. ಇದಕ್ಕೂ ಇನ್ನೂ ಉತ್ತರ ಬಂದಿಲ್ಲ, ಅದೂ ನಿಜ. ಆದರೆ ಪಕ್ಕದ ಹೊಲದ ಇಬ್ಬರು ತಮ್ಮಲ್ಲೂ ಚೌಕ ಹಾಕಿಕೊಡು ಅಂತ ಕೇಳಿದ್ದಾರೆ. ಕೆರೆ ಸುತ್ತಿನ ಹತ್ತು ಹೊಲದ ಚೀಟಿ ಸೇರಿದರೆ ಒಟ್ಟಿಗೇ ಕೊಡುವ ವಿಚಾರ ಇದೆ.

ಕೆರೆಯ ಬದಿಯ ಆ ಹತ್ತು ಗುಂಟೆ ಸುತ್ತ ಈ ಸಲ ನಾಲ್ಕು ಸಾಲು ಕುಸುಬಿ ಅಕ್ಕಡಿ ಹಾಕಿದ್ದೇನೆ. ದನಕ್ಕೆ ತಡೆ ಅಂತ ಹಿರಿಯರು ಹಾಕುತ್ತಿದ್ದದ್ದು. ಬಾತು ಮುಳ್ಳಿಗೆ ಹೆದರುತ್ತದೋ, ಮೇಲಿಂದ ಹಾರಿ ನಡುವೆ ಇಳಿಯುತ್ತದೋ ನೋಡಬೇಕು. ಭಾಗಕ್ಕೆ ಆರು ಜೋಡಿ ಚೌಕ ಇಟ್ಟಿದ್ದೇನೆ. ರಾಶಿ ಆದ ಮೇಲೆ ತೂಕ ಬರೆದು ಕಳಿಸುತ್ತೇನೆ.